ಜನರಲ್‌ಗಳ ದರಬಾರಿನಲ್ಲಿ ದೇಶದ ಖಜಾನೆ

ಆಸ್ಪತ್ರೆಯಲ್ಲಿ ಲಂಚ ಕೇಳಿದರೆ, ರಸ್ತೆ ಹೊಂಡ ಬಿದ್ದರೆ, ಶಾಸಕರು ರೆಸಾರ್ಟಿಗೆ ಬಸ್ಸು ಹತ್ತಿದರೆ ನಮ್ಮಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಈ ದೇಶಕ್ಕೆ ಮಿಲಿಟರಿ ಆಡಳಿತವೇ ಸರಿ ಸ್ವಾಮಿ.’ ಕೇಳಿದವರು ತಲೆಯಾಡಿಸಿ ಕಾಫಿ ಮುಗಿಸುತ್ತಾರೆ. ಆದರೂ ಇದನ್ನು ಬರೀ ಹೋಟೆಲು ಹರಟೆಯೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಉತ್ತರ ಕೊಟ್ಟ ಭಾರತೀಯರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಸೇನೆಯ ಆಳ್ವಿಕೆ ಒಳ್ಳೆಯದೇ ಎಂದಿದ್ದರು. ಶಿಸ್ತು ಬಂದರೆ ಕಳ್ಳತನ ನಿಲ್ಲುತ್ತದೆ, ಕಳ್ಳತನ ನಿಂತರೆ ದೇಶ ಉದ್ಧಾರವಾಗುತ್ತದೆ ಎಂಬ ಆರ್ಥಿಕ ನಂಬಿಕೆ ಈ ಒಲವಿನ ಬುಡದಲ್ಲಿದೆ.

ಈ ನಂಬಿಕೆಯನ್ನು ಒರೆಗೆ ಹಚ್ಚಲು ದೂರ ಹೋಗಬೇಕಿಲ್ಲ. ನಮ್ಮೊಂದಿಗೇ ಹುಟ್ಟಿದ ಪಾಕಿಸ್ತಾನದಲ್ಲಿ ನಾಲ್ವರು ಜನರಲ್‌ಗಳು ನೇರವಾಗಿ ದೇಶ ಆಳಿದ್ದಾರೆ. 1958ರಿಂದ ಅಯೂಬ್ ಖಾನ್, 1969ರಿಂದ ಯಾಹ್ಯಾ ಖಾನ್, 1977ರಿಂದ ಜಿಯಾ ಉಲ್ ಹಕ್, 1999ರಿಂದ ಪರ್ವೇಜ್ ಮುಷರಫ್. ಎಲ್ಲ ಕೂಡಿಸಿದರೆ ಮೂವತ್ತು ವರ್ಷ ಮೀರುತ್ತದೆ. ಉಳಿದ ವರ್ಷಗಳಲ್ಲಿ ತೆರೆಯ ಹಿಂದೆ ಕುಳಿತು ಆಡಿಸಿದ್ದಾರೆ. ಅಲ್ಲಿನ ಪತ್ರಕರ್ತರು ಸೇನೆಯೆಂದು ಬಾಯಿಬಿಟ್ಟು ಹೇಳುವ ಬದಲು ‘ಎಸ್ಟಾಬ್ಲಿಷ್‌ಮೆಂಟ್’ ಎನ್ನುತ್ತಾರೆ. ಹುಷಾರಿನವರು ‘ಅಂಪೈರ್’ ಎನ್ನುತ್ತಾರೆ. ಇಂದಿನವರೆಗೆ ಅಲ್ಲಿನ ಒಬ್ಬನೇ ಒಬ್ಬ ಪ್ರಧಾನಿಯೂ ಐದು ವರ್ಷದ ಅವಧಿ ಪೂರೈಸಿಲ್ಲ.

ಎರಡು ಸಂಗತಿಗಳನ್ನು ಮೊದಲೇ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಸೇನೆಗೆ ದುಡ್ಡು ಖರ್ಚು ಮಾಡುವುದು ಬೇರೆ, ಸೇನೆಯೇ ರಾಜಕೀಯದ ಮೇಲೆ ಕುಳಿತುಕೊಳ್ಳುವುದು ಬೇರೆ. ಮೊದಲನೆಯದರ ಬಗ್ಗೆ ಅರ್ಥಶಾಸ್ತ್ರಜ್ಞರ ಜಗಳ ಹಳೆಯದು. ಎಮಿಲ್ ಬೆನೊಯ್ ಎಂಬ ಅಮೆರಿಕನ್ ವಿದ್ವಾಂಸ 1950ರಿಂದ 1965ರವರೆಗೆ 44 ಬಡ ದೇಶಗಳ ಲೆಕ್ಕ ಹಾಕಿ, ರಕ್ಷಣೆಗೆ ಹೆಚ್ಚು ಖರ್ಚು ಮಾಡಿದ ದೇಶಗಳು ಹೆಚ್ಚು ಬೆಳೆದಿವೆ ಎಂದು 1973ರಲ್ಲಿ ಬರೆದ. ಆ ದೇಶಗಳಲ್ಲಿ ಹಲವಕ್ಕೆ ವಿದೇಶಿ ನೆರವೂ ಧಾರಾಳವಾಗಿ ಹರಿದಿತ್ತು, ಬೆಳವಣಿಗೆ ಯಾವುದರಿಂದ ಬಂತು ಎಂಬುದು ಅಲ್ಲೇ ಗೋಜಲಾಯಿತು. ಮುಂದಿನ ಅಧ್ಯಯನಗಳು ಹೆಚ್ಚಾಗಿ ಅವನ ವಿರುದ್ಧ ದಿಕ್ಕಿಗೇ ಬಂದವು. ಏನೇ ಇರಲಿ, ಅಮೆರಿಕ, ಭಾರತ, ಫ್ರಾನ್ಸ್ ಎಲ್ಲವೂ ಸೇನೆಗೆ ದೊಡ್ಡ ಮೊತ್ತ ಸುರಿಯುತ್ತವೆ, ಅಲ್ಲಿ ಜನರಲ್‌ಗಳು ಬಜೆಟ್ ಬರೆಯುವುದಿಲ್ಲ. ಪಾಕಿಸ್ತಾನದ ಪ್ರಶ್ನೆ ಎರಡನೆಯ ಬಗೆಯದು. ಅಲ್ಲಿ ಸೇನೆ ತಿಂದದ್ದೆಷ್ಟು ಎನ್ನುವುದಕ್ಕಿಂತ, ದೇಶ ಯಾವುದರ ಮೇಲೆ ಬದುಕಬೇಕೆಂದು ಅದು ತೀರ್ಮಾನಿಸಿತು ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ವಿಭಜನೆಯ ಹಂಚಿಕೆಯಲ್ಲೇ ಅಸಮತೋಲವಿತ್ತು. ಬ್ರಿಟಿಷ್ ಭಾರತದ ಸೇನೆಯ ಸುಮಾರು ಮೂರನೇ ಒಂದು ಪಾಲು ಪಾಕಿಸ್ತಾನಕ್ಕೆ ಹೋಯಿತು, ಖಜಾನೆಯಲ್ಲಿ ಸಿಕ್ಕಿದ್ದು ಶೇ 17.5. ದೊಡ್ಡ ಸೇನೆ, ಸಣ್ಣ ಬೊಕ್ಕಸ. ಮೊದಲ ದಶಕದಲ್ಲಿ ಕೇಂದ್ರದ ಆದಾಯದ ಅರ್ಧಕ್ಕಿಂತ ಹೆಚ್ಚು ರಕ್ಷಣೆಗೇ ಹೋಗುತ್ತಿತ್ತು. ಇದರ ಜೊತೆಗೆ ಪಂಜಾಬಿನ ಹಳೆಯ ರೂಢಿಯೂ ಬಳುವಳಿಯಾಗಿ ಬಂತು. ಬ್ರಿಟಿಷರು ಅಲ್ಲಿ ನಾಲೆ ತೋಡಿ, ಹೊಸದಾಗಿ ನೀರು ಕಂಡ ಜಮೀನನ್ನು ನಿಷ್ಠಾವಂತ ಸಿಪಾಯಿಗಳಿಗೆ ಹಂಚುತ್ತಿದ್ದರು. ನೌಕರಿ ಮುಗಿದರೆ ಪಿಂಚಣಿ ಮಾತ್ರವಲ್ಲ, ಭೂಮಿಯೂ ಉಂಟು ಎಂಬ ನಿರೀಕ್ಷೆ ಸ್ವತಂತ್ರ ಪಾಕಿಸ್ತಾನದ ಬ್ಯಾರಕ್ಕುಗಳಿಗೂ ದಾಟಿತು. ಇನ್ನೊಂದು ಬಳುವಳಿ ಎರಡನೇ ವಿಶ್ವಯುದ್ಧದಲ್ಲಿ ಹೋರಾಡಿದ ಸೈನಿಕರ ಪುನರ್ವಸತಿಗೆಂದು ಬ್ರಿಟಿಷರು ಕೂಡಿಟ್ಟ ನಿಧಿ. ತನ್ನ ಪಾಲಿಗೆ ಬಂದ ಆ ಹಣದಿಂದ ಪಾಕಿಸ್ತಾನದ ಸೇನೆ 1954ರಲ್ಲಿ ಟ್ರಸ್ಟ್ ಮಾಡಿ ಬಟ್ಟೆ ಗಿರಣಿಗೆ ಕೈಹಾಕಿತು. ಅದೇ ಇಂದಿನ ಫೌಜಿ ಫೌಂಡೇಷನ್.

ಆದರೂ ಆ ನಾಲ್ವರಲ್ಲಿ ಅಯೂಬ್, ಜಿಯಾ, ಮುಷರಫ್ ಈ ಮೂವರ ಕಾಲದಲ್ಲೂ ಆರ್ಥಿಕತೆ ಬೆಳೆದದ್ದು ನಿಜ. ಸೇನಾ ಆಡಳಿತದ ಪರ ಮಾತನಾಡುವವರ ಮುಖ್ಯ ಸಾಕ್ಷಿ ಇದೇ, ಹಾಗಾಗಿ ಸ್ವಲ್ಪ ನಿಂತು ನೋಡಬೇಕು.

1960ರ ದಶಕದಲ್ಲಿ ಪಾಕಿಸ್ತಾನ ವರ್ಷಕ್ಕೆ ಸರಾಸರಿ ಶೇ 6ಕ್ಕಿಂತ ಹೆಚ್ಚು ವೇಗದಲ್ಲಿ ಬೆಳೆಯಿತು. ನಾವು ಅದೇ ಹೊತ್ತಿನಲ್ಲಿ ಅಮೆರಿಕದ ಪಿಎಲ್-480 ನೆರವಿನ ಗೋಧಿಗೆ ಕಾಯುತ್ತಿದ್ದೆವು. ಹಾರ್ವರ್ಡ್‌ನ ಸಲಹೆಗಾರರು ಕರಾಚಿಯಲ್ಲಿ ಕುಳಿತು ಯೋಜನೆ ಬರೆದುಕೊಟ್ಟರು. ಮಂಗ್ಲಾ ಅಣೆಕಟ್ಟು ಎದ್ದಿತು, ಹೊಸ ರಾಜಧಾನಿ ಇಸ್ಲಾಮಾಬಾದ್ ಎದ್ದಿತು. ರಾಜಕೀಯ ಶಾಸ್ತ್ರಜ್ಞ ಸ್ಯಾಮ್ಯುಯೆಲ್ ಹಂಟಿಂಗ್‌ಟನ್ 1968ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಅಯೂಬ್ ಖಾನರನ್ನು ಪ್ರಾಚೀನ ಗ್ರೀಸಿನ ಶಾಸನಕರ್ತರ ಸಾಲಿನಲ್ಲಿ ನಿಲ್ಲಿಸಿದ. ಅದೇ ವರ್ಷ ಅಯೂಬ್ ಸರ್ಕಾರ ‘ಅಭಿವೃದ್ಧಿಯ ದಶಕ’ವನ್ನು ಅದ್ದೂರಿಯಾಗಿ ಆಚರಿಸುತ್ತಿತ್ತು. ಅದೇ ವರ್ಷ ಸರ್ಕಾರದ ಸ್ವಂತ ಮುಖ್ಯ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಕರಾಚಿಯ ಸಭೆಯಲ್ಲಿ ಎದ್ದು ನಿಂತು, ದೇಶದ ಕೈಗಾರಿಕಾ ಆಸ್ತಿಯ ಮೂರನೇ ಎರಡು ಪಾಲು, ಬ್ಯಾಂಕಿಂಗ್‌ನ ಐದನೇ ನಾಲ್ಕು ಪಾಲು 22 ಮನೆತನಗಳ ಕೈಯಲ್ಲಿದೆ ಎಂದುಬಿಟ್ಟರು. ವರ್ಷದ ಕೊನೆಗೆ ರಾವಲ್ಪಿಂಡಿಯ ವಿದ್ಯಾರ್ಥಿಗಳು ಬೀದಿಯಲ್ಲಿದ್ದರು. 1969ರ ಮಾರ್ಚಿನಲ್ಲಿ ಅಯೂಬ್ ಇಳಿದರು. ಹಂಟಿಂಗ್‌ಟನ್‌ನ ಪುಸ್ತಕದ ಮಸಿ ಇನ್ನೂ ಆರಿರಲಿಲ್ಲ.

ಬೆಳವಣಿಗೆಯ ಒಳಗುಟ್ಟು ಪೂರ್ವ ಪಾಕಿಸ್ತಾನದಲ್ಲಿತ್ತು. ಸೆಣಬಿನ ರಫ್ತಿನಿಂದ ಬಂದ ವಿದೇಶಿ ವಿನಿಮಯ ಪಶ್ಚಿಮದ ಕಾರ್ಖಾನೆಗಳಿಗೆ ಯಂತ್ರ ತರುತ್ತಿತ್ತು. ಎರಡು ಭಾಗಗಳ ತಲಾ ಆದಾಯದ ಅಂತರ ಅಯೂಬ್ ಕಾಲದ ಹತ್ತು ವರ್ಷಗಳಲ್ಲಿ ಹತ್ತಿರ ಹತ್ತಿರ ಇಮ್ಮಡಿಯಾಯಿತು. ಚುನಾಯಿತ ಸಂಸತ್ತಿನಲ್ಲಿ ಬಂಗಾಳಿಗಳು ಬಹುಸಂಖ್ಯಾತರಾಗಿರುತ್ತಿದ್ದರು. ಸೇನೆಯ ಅಧಿಕಾರಿ ವರ್ಗದಲ್ಲಿ ಅವರು ಬೆರಳೆಣಿಕೆ. ಅಧಿಕಾರ ಸಂಸತ್ತಿನಿಂದ ಸೇನೆಗೆ ಹೋದಾಗ ದೇಶದ ಅರ್ಧಕ್ಕಿಂತ ಹೆಚ್ಚು ಜನ ಆರ್ಥಿಕ ತೀರ್ಮಾನಗಳಿಂದ ಹೊರಬಿದ್ದರು. 1971ರಲ್ಲಿ ಪೂರ್ವ ಪಾಕಿಸ್ತಾನ ಬೇರ್ಪಟ್ಟು ಬಾಂಗ್ಲಾದೇಶವಾದದ್ದರ ಮೂಲವನ್ನು ಪೂರ್ವದ ನಾಯಕ ಮುಜೀಬ್ ಮತ್ತು ಪಶ್ಚಿಮದ ನಾಯಕ ಭುಟ್ಟೋ ಅವರ ಜಗಳದಲ್ಲಿ ಹುಡುಕುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಜಿಯಾ ಕಾಲದ ಕಥೆಗೆ ಅಫ್ಘಾನಿಸ್ತಾನ ಬೇಕು. 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಪಡೆ ಕಾಬೂಲಿಗೆ ಬಂತು. ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ 40 ಕೋಟಿ ಡಾಲರ್ ನೆರವು ಕೊಡುತ್ತೇವೆಂದಾಗ ಜಿಯಾ ಅದನ್ನು ‘ಕಡಲೆಕಾಯಿ’ ಎಂದು ತಳ್ಳಿಹಾಕಿದರು. ಕಾರ್ಟರ್ ಮೂಲತಃ ಕಡಲೆಕಾಯಿ ಬೆಳೆಗಾರ ಎಂಬುದು ಜನರಲ್ ಸಾಹೇಬರಿಗೆ ಗೊತ್ತಿಲ್ಲದ್ದೇನಲ್ಲ. ಕಾದದ್ದಕ್ಕೆ ಫಲ ಸಿಕ್ಕಿತು. 1981ರಲ್ಲಿ ರೇಗನ್ ಆಡಳಿತ 320 ಕೋಟಿ ಡಾಲರ್‌ಗಳ ಗಂಟು ಕೊಟ್ಟಿತು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಹಣವೂ ಸೇರಿ 1980ರ ದಶಕದ ಬೆಳವಣಿಗೆ ಮತ್ತೆ ಶೇ 6 ದಾಟಿತು. ಮುಷರಫ್ ಕಾಲದಲ್ಲಿ ಅದೇ ನಾಟಕದ ಮರುಪ್ರದರ್ಶನ. 2001ರ ಸೆಪ್ಟೆಂಬರ್ 11ರ ಮೊದಲು ದಿವಾಳಿಯ ಅಂಚಿನಲ್ಲಿದ್ದ ದೇಶಕ್ಕೆ ಅದೇ ಡಿಸೆಂಬರ್‌ನಲ್ಲಿ ಸಾಲ ಕೊಟ್ಟ ದೇಶಗಳ ಕೂಟವಾದ ಪ್ಯಾರಿಸ್ ಕ್ಲಬ್ 1,250 ಕೋಟಿ ಡಾಲರ್ ಸಾಲವನ್ನು ಮರುಹೊಂದಿಸಿಕೊಟ್ಟಿತು. ಕಾರು ಸಾಲ, ಷೇರು ಪೇಟೆ, ಸೈಟು ವ್ಯಾಪಾರ ಎಲ್ಲ ಉಬ್ಬಿದವು. ಏರುತ್ತಿದ್ದ ಬೇಡಿಕೆಗೆ ಬೇಕಾದ ವಿದ್ಯುತ್ ಸ್ಥಾವರಗಳು ಮಾತ್ರ ಏಳಲಿಲ್ಲ.

ಪ್ರತಿಸಲ ಬಿಲ್ಲು ಯಾರ ಮೇಜಿಗೆ ಬಂತು ನೋಡಿ. ಜಿಯಾ 1988ರ ಆಗಸ್ಟ್‌ನಲ್ಲಿ ವಿಮಾನ ಅಪಘಾತದಲ್ಲಿ ಸತ್ತರು. ವರ್ಷಾಂತ್ಯಕ್ಕೆ ಅಧಿಕಾರಕ್ಕೆ ಬಂದ ಬೆನಜೀರ್ ಭುಟ್ಟೋಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಷರತ್ತುಗಳು ಕಾದಿದ್ದವು. ಸೋವಿಯತ್ ಪಡೆ ಹಿಂದಿರುಗಿದ ಮೇಲೆ, 1990ರಲ್ಲಿ, ಅಣುಬಾಂಬಿನ ಕಾರಣ ಕೊಟ್ಟು ಅಮೆರಿಕ ನೆರವು ನಿಲ್ಲಿಸಿತು. ಮುಷರಫ್ 2008ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು, ನವೆಂಬರ್‌ನಲ್ಲಿ ಹೊಸ ಚುನಾಯಿತ ಸರ್ಕಾರ 760 ಕೋಟಿ ಡಾಲರ್ ಸಾಲಕ್ಕೆ ಐಎಂಎಫ್ ಬಾಗಿಲಲ್ಲಿತ್ತು. ಆ ಚಳಿಗಾಲದಲ್ಲಿ ಲಾಹೋರಿನ ಮನೆಗಳಲ್ಲಿ ದಿನಕ್ಕೆ ಎಷ್ಟೋ ಗಂಟೆ ಕರೆಂಟಿಲ್ಲ. ಜನ ಬೈದದ್ದು ಆಗಿನ ಹೊಸ ಅಧ್ಯಕ್ಷ ಆಸಿಫ್ ಜರ್ದಾರಿಯನ್ನು. ‘ಜನರಲ್ ಇದ್ದಾಗಲೇ ಚೆನ್ನಾಗಿತ್ತು’ ಎಂಬ ಮಾತು ಹುಟ್ಟುವುದು ಹೀಗೆ. ಡಾಲರ್ ಬರುವಾಗ ಜನರಲ್, ಡಾಲರ್ ನಿಂತಾಗ ರಾಜಕಾರಣಿ. ಜರ್ದಾರಿ ಸಜ್ಜನರೆಂದು ಇದರರ್ಥವಲ್ಲ, ಅವರ ಭ್ರಷ್ಟಾಚಾರದ ಕಥೆಗಳು ಜಗತ್ತಿಗೇ ಗೊತ್ತು. ಆದರೆ ಅದಕ್ಕೂ ಹಿಂದಿನ ವರ್ಷಗಳಲ್ಲಿ ಸಾಕಷ್ಟು ವಿದ್ಯುತ್ ಸ್ಥಾವರ ಕಟ್ಟದಿದ್ದವರು ಅವರಲ್ಲ.

ನೆರವಿನ ಹಣಕ್ಕೆ ಒಂದು ಗುಣವಿದೆ. ಅದನ್ನು ಪಡೆಯಲು ತೆರಿಗೆದಾರನ ಮುಂದೆ ಕೈಯೊಡ್ಡಬೇಕಿಲ್ಲ, ಲೆಕ್ಕ ಹೇಳಬೇಕಿಲ್ಲ. ಭೂಪಟದಲ್ಲಿ ಆಯಕಟ್ಟಿನ ಜಾಗದಲ್ಲಿದ್ದರೆ ಸಾಕು. ಆ ಜಾಗವನ್ನು ಬಾಡಿಗೆಗೆ ಕೊಡುವ ಅಧಿಕಾರ ಸೇನೆಯದೇ ಆದ್ದರಿಂದ ಬಾಡಿಗೆ ವಸೂಲಿಯೂ ಅದರದೇ. ಇದರ ಪರಿಣಾಮ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಪಾಕಿಸ್ತಾನದ ತೆರಿಗೆ ಸಂಗ್ರಹ ರಾಷ್ಟ್ರೀಯ ಉತ್ಪನ್ನದ ಹತ್ತನೇ ಒಂದರ ಆಸುಪಾಸಿನಲ್ಲೇ ದಶಕಗಳಿಂದ ತೆವಳುತ್ತಿದೆ. ರಫ್ತೂ ಅಷ್ಟೇ. 1990ರ ದಶಕದಲ್ಲೂ ಪಾಕಿಸ್ತಾನಿಯ ತಲಾ ಆದಾಯ ಭಾರತೀಯನದಕ್ಕಿಂತ ಹೆಚ್ಚಿತ್ತು, ಈಗ ಭಾರತೀಯನದು ಅದರ ಒಂದೂವರೆ ಪಟ್ಟು ಮೀರಿದೆ. ಒಂದು ಕಾಲಕ್ಕೆ ಸೆಣಬು ಮಾತ್ರ ಗೊತ್ತಿದ್ದ ಬಾಂಗ್ಲಾದೇಶ ಸಿದ್ಧ ಉಡುಪಿನ ಬಲದಿಂದ ರಫ್ತಿನಲ್ಲಿ ಪಾಕಿಸ್ತಾನವನ್ನು ಹಿಂದೆ ಹಾಕಿದೆ. ಬಾಂಗ್ಲಾದೇಶವೂ 1975ರಿಂದ 1990ರವರೆಗೆ ಹೆಚ್ಚಿನ ಕಾಲ ಸೇನಾಧಿಕಾರಿಗಳ ಕೈಯಲ್ಲಿತ್ತು ಎಂಬುದನ್ನು ಮುಚ್ಚಿಡಬಾರದು. ಆದರೆ ಅದಕ್ಕೆ ಬಾಡಿಗೆಗೆ ಕೊಡಲು ಅಫ್ಘಾನಿಸ್ತಾನದ ಗಡಿ ಇರಲಿಲ್ಲ. ಹೊಲಿಗೆ ಯಂತ್ರವನ್ನೇ ನಂಬಬೇಕಾಯಿತು.

ಈಗ ವ್ಯಾಪಾರದ ಕಡೆಗೆ ಬರೋಣ. ಪಾಕಿಸ್ತಾನದ ಮಧ್ಯಮ ವರ್ಗದ ಮನುಷ್ಯನೊಬ್ಬ ಬೆಳಿಗ್ಗೆ ತಿನ್ನುವ ಕಾರ್ನ್‌ಫ್ಲೇಕ್ಸ್ ಫೌಜಿ ಸಿರಿಯಲ್ಸ್‌ನದಾಗಿರಬಹುದು. ಅವನ ಮನೆಗೆ ಹಾಕಿದ ಸಿಮೆಂಟು ಫೌಜಿ ಸಿಮೆಂಟು, ಊರಿನಲ್ಲಿ ಅವನಪ್ಪ ಗೋಧಿಗೆ ಚೆಲ್ಲುವ ‘ಸೋನಾ’ ಯೂರಿಯಾ ಫೌಜಿ ಫರ್ಟಿಲೈಸರ್‌ನದು, ಖಾತೆ ಇರುವ ಅಸ್ಕರಿ ಬ್ಯಾಂಕೂ ಫೌಜಿ ಗುಂಪಿನದೇ. ಅವನ ಸರಕು ಸಾಗಿಸುವ ಎನ್ಎಲ್‌ಸಿ ಲಾರಿಗಳು, ರಸ್ತೆ ಹಾಕಿ ಟೋಲ್ ಎತ್ತುವ ಎಫ್‌ಡಬ್ಲ್ಯುಓ ಸೇನೆಯ ಹಿಡಿತದ ಸಂಸ್ಥೆಗಳು. ವಾಯುಪಡೆಗೆ ಶಾಹೀನ್ ಫೌಂಡೇಷನ್, ನೌಕಾಪಡೆಗೆ ಬಹ್ರಿಯಾ ಫೌಂಡೇಷನ್. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2021ರಲ್ಲಿ ಪ್ರಕಟಿಸಿದ ವರದಿ ಪಾಕಿಸ್ತಾನದ ಸೇನೆಯನ್ನು ಆ ದೇಶದ ಅತಿ ದೊಡ್ಡ ಉದ್ದಿಮೆ ಸಮೂಹವೆಂದು ಕರೆಯಿತು. ನಗರಗಳ ಅತಿ ದೊಡ್ಡ ರಿಯಲ್ ಎಸ್ಟೇಟ್ ಕುಳವೂ ಅದೇ ಎಂದಿತು.

ಈ ಇಡೀ ವ್ಯವಸ್ಥೆಗೆ ‘ಮಿಲ್‌ಬಸ್’ ಎಂದು ಹೆಸರಿಟ್ಟವರು ಪಾಕಿಸ್ತಾನದ ಲೇಖಕಿ ಆಯೇಷಾ ಸಿದ್ದಿಕಾ. ಸೇನೆಯ ಖಾಸಗಿ ಬಂಡವಾಳದ ಬಗ್ಗೆ ಅವರ ‘ಮಿಲಿಟರಿ ಇಂಕ್’ 2007ರಲ್ಲಿ ಬಂದಾಗ, ಬಿಡುಗಡೆಗೆ ಗೊತ್ತುಮಾಡಿದ್ದ ಇಸ್ಲಾಮಾಬಾದ್ ಕ್ಲಬ್ ಕೊನೇ ಗಳಿಗೆಯಲ್ಲಿ ಸಭಾಂಗಣ ಇಲ್ಲವೆಂದಿತು. ಪುಸ್ತಕ ಎತ್ತುವ ಮುಖ್ಯ ಪ್ರಶ್ನೆ ಲೆಕ್ಕಪರಿಶೋಧನೆಯದು. ಸಿಂಧ್‌ನ ಖೋಸ್ಕಿ ಸಕ್ಕರೆ ಕಾರ್ಖಾನೆಯನ್ನು ಫೌಜಿ ಫೌಂಡೇಷನ್ ಹೆಚ್ಚಿನ ಬಿಡ್ ಬಿಟ್ಟು ಕಡಿಮೆ ಬೆಲೆಗೆ ಮಾರಿದ್ದೇಕೆಂದು 2005ರಲ್ಲಿ ಸಂಸತ್ ಸದಸ್ಯರು ಕೇಳಿದರು. ವಿವರ ಸಿಗಲಿಲ್ಲ. ಫೌಂಡೇಷನ್ ಖಾಸಗಿ ದತ್ತಿ ಸಂಸ್ಥೆಯಂತೆ, ಸಂಸತ್ತಿಗೆ ಉತ್ತರ ಕೊಡಬೇಕಿಲ್ಲವಂತೆ! ಸರ್ಕಾರಿ ಸವಲತ್ತು ಬೇಕಾದಾಗ ಸೇನೆ, ಲೆಕ್ಕ ಕೇಳಿದಾಗ ಖಾಸಗಿ.

ಭೂಮಿಯ ವ್ಯವಹಾರ ಇನ್ನೂ ರಸವತ್ತಾದದ್ದು. ದೊಡ್ಡ ನಗರಗಳ ಅಂಚಿನಲ್ಲಿ ಡಿಫೆನ್ಸ್ ಹೌಸಿಂಗ್ ಅಥಾರಿಟಿ, ಅಂದರೆ ಡಿಎಚ್‌ಎ, ಜಮೀನು ಪಡೆಯುತ್ತದೆ. ಅಧಿಕಾರಿಗಳಿಗೆ ಸೇವೆಯ ಲೆಕ್ಕದಲ್ಲಿ, ಬಡ್ತಿಯ ಲೆಕ್ಕದಲ್ಲಿ ಕಡಿಮೆ ದರಕ್ಕೆ ಸೈಟು ಸಿಗುತ್ತದೆ. ಅವರು ಅದನ್ನು ಮಾರುಕಟ್ಟೆಗೆ ಬಿಟ್ಟರೆ ಹಲವು ಪಟ್ಟು ಬೆಲೆ. ಎಷ್ಟೋ ಸಲ ಮಾರಾಟವಾಗುವುದು ಸೈಟೂ ಅಲ್ಲ, ‘ಫೈಲು’. ಎಲ್ಲಿ ಎಂದು ಇನ್ನೂ ಗೊತ್ತಾಗದ, ಮುಂದೆಂದೋ ಲಾಟರಿಯಲ್ಲಿ ನಂಬರು ಬೀಳಲಿರುವ ಸೈಟಿನ ಹಂಚಿಕೆ ಪತ್ರ. ಲಾಹೋರಿನ ದಲ್ಲಾಳಿಯ ಮೇಜಿನ ಮೇಲೆ ಈ ಫೈಲು ಷೇರಿನಂತೆ ಕೈಬದಲಾಗುತ್ತದೆ. ಬೆಂಗಳೂರಿನ ಸುತ್ತ ಸೈಟಿಗೆ ದುಡ್ಡು ಹಾಕಿದವರಿಗೆ ಈ ಜ್ವರದ ಪರಿಚಯವಿದ್ದೇ ಇದೆ, ಆದರೆ ನಮ್ಮಲ್ಲಿ ಬಡಾವಣೆ ಮಾಡುವವನ ಬೆನ್ನಿಗೆ ರೆಜಿಮೆಂಟು ಇರುವುದಿಲ್ಲ. ಸೈಟಿನಲ್ಲಿ ಇಷ್ಟು ಲಾಭ, ಇಷ್ಟು ಭದ್ರತೆ ಇರುವಾಗ ಯಾವ ಹುಚ್ಚ ಕಾರ್ಖಾನೆ ಹಾಕುತ್ತಾನೆ? ಪಾಕಿಸ್ತಾನದಲ್ಲಿ ಹೂಡಿಕೆ ರಾಷ್ಟ್ರೀಯ ಉತ್ಪನ್ನದ ಶೇ 13ರ ಆಸುಪಾಸಿಗೆ ಕುಸಿದಿರುವುದಕ್ಕೆ ಕಾರಣ ಹಲವು. ಇದೂ ಒಂದು. 2021ರ ನವೆಂಬರ್‌ನಲ್ಲಿ ಕರಾಚಿಯಲ್ಲಿ ವಿಚಾರಣೆ ನಡೆಸುತ್ತಿದ್ದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಗುಲ್ಜಾರ್ ಅಹಮದ್, ರಕ್ಷಣೆಗೆಂದು ಕೊಟ್ಟ ಜಾಗದಲ್ಲಿ ಕಲ್ಯಾಣ ಮಂಟಪ, ಸಿನಿಮಾ ಮಂದಿರ ಕಟ್ಟುವುದು ಯಾವ ರಕ್ಷಣೆ ಎಂದು ರಕ್ಷಣಾ ಕಾರ್ಯದರ್ಶಿಯನ್ನು ಕೇಳಿದರು.

ಪಂಜಾಬಿನ ಓಕಾಡಾದ ಪ್ರಕರಣ ನಮ್ಮ ಗೇಣಿದಾರರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿ ಸುಮಾರು 17,000 ಎಕರೆ ಸೇನಾ ಫಾರ್ಮ್ ಇದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ನಾಲೆ ಬಂದಾಗ ಕರೆತಂದು ಕೂರಿಸಿದ ರೈತರ ಮೊಮ್ಮಕ್ಕಳು ಅದನ್ನು ಉಳುತ್ತಿದ್ದರು. ಜಮೀನಿನ ಒಡೆತನ ಪಂಜಾಬ್ ಸರ್ಕಾರದ್ದು. ಸೇನೆಯ ಗುತ್ತಿಗೆ ಎಂದೋ ಮುಗಿದಿತ್ತು. ರೈತರು ಬೆಳೆಯಲ್ಲಿ ಪಾಲು ಕೊಡುವ ‘ಬಟಾಯಿ’ ಪದ್ಧತಿಯಲ್ಲಿದ್ದರು. 1887ರ ಗೇಣಿ ಕಾಯ್ದೆಯಡಿ ಅವರನ್ನು ಸುಮ್ಮಸುಮ್ಮನೆ ಎಬ್ಬಿಸುವಂತಿರಲಿಲ್ಲ. 2000ದಲ್ಲಿ ಸೇನೆ ಇದನ್ನು ನಗದು ಕೊಡುವ ‘ಠೇಕಾ’ ಮಾಡಲು ಹೊರಟಿತು. ಸಹಿ ಹಾಕಿದರೆ ಗೇಣಿದಾರ ಬರೀ ಗುತ್ತಿಗೆದಾರ, ಅವಧಿ ಮುಗಿದ ದಿನ ಹೊರಗೆ. ರೈತರು ಅಂಜುಮನ್ ಮಜಾರಿಯೀನ್ ಪಂಜಾಬ್ ಎಂಬ ಸಂಘ ಕಟ್ಟಿ ‘ಮಾಲ್ಕಿ ಯಾ ಮೌತ್’, ಒಡೆತನ ಇಲ್ಲವೇ ಸಾವು ಎಂದು ಕೂಗಿದರು. ಹೆಂಗಸರು ಬಟ್ಟೆ ಒಗೆಯುವ ಕೋಲು ಹಿಡಿದು ಮುಂದೆ ನಿಂತರು. ಅರೆಸೇನಾ ಪಡೆ ಹಳ್ಳಿಗಳನ್ನು ಮುತ್ತಿತು, ಕೆಲವರು ಸತ್ತರು, ಅನೇಕರು ಜೈಲು ಕಂಡರು. ಹ್ಯೂಮನ್ ರೈಟ್ಸ್ ವಾಚ್ 2004ರಲ್ಲಿ ಇದರ ಬಗ್ಗೆ ಇಡೀ ವರದಿ ಬರೆಯಿತು. ಕರ್ನಾಟಕದಲ್ಲಿ 1974ರ ತಿದ್ದುಪಡಿಯ ಮೇಲೆ ಉಳುವವನು ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿದ. ಓಕಾಡಾದ ರೈತನ ಎದುರು ಭೂಮಾಲೀಕನ ಜಾಗದಲ್ಲಿದ್ದದ್ದು ದೇಶವನ್ನೇ ಆಳುತ್ತಿದ್ದ ಸೇನೆ.

ಸೇನೆಯ ಪರ ವಾದವನ್ನೂ ಕೇಳಬೇಕು. ರಾಜಕಾರಣಿಗಳು ಇನ್ನೂ ದೊಡ್ಡ ಕಳ್ಳರು, ಪ್ರಧಾನಿಗಳನ್ನು ಕೊಟ್ಟ ಷರೀಫ್ ಮನೆತನದ ಲಂಡನ್ ಫ್ಲ್ಯಾಟುಗಳನ್ನು ನೋಡಿ ಎನ್ನುತ್ತಾರೆ. ಫೌಜಿ ಕಂಪನಿಗಳು ತೆರಿಗೆ ಕಟ್ಟುತ್ತವೆ, ಆಸ್ಪತ್ರೆ ಶಾಲೆ ನಡೆಸುತ್ತವೆ, ಲಾಭ ಮಾಡುತ್ತವೆ, ಸರ್ಕಾರಿ ಉಕ್ಕು ಕಾರ್ಖಾನೆಯಂತೆ ಮುಚ್ಚಿ ಕೂತಿಲ್ಲ ಎನ್ನುತ್ತಾರೆ. ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಭ್ರಷ್ಟ ರಾಜಕಾರಣಿಯನ್ನು ಮತದಾರ ಇಳಿಸಬಹುದು, ಪತ್ರಿಕೆ ಬೈಯಬಹುದು, ಕೋರ್ಟು ಜೈಲಿಗೆ ಕಳಿಸಬಹುದು. ಪಾಕಿಸ್ತಾನದಲ್ಲಿ ಇವೆಲ್ಲವೂ ನಡೆದಿವೆ. ಜನರಲ್ ವಿಷಯದಲ್ಲಿ ಇವು ನಡೆದದ್ದು ಬಲು ಅಪರೂಪ. ಕಂಪನಿ ಲಾಭ ಮಾಡುವುದಂತೂ ಏನನ್ನೂ ಸಾಬೀತು ಮಾಡುವುದಿಲ್ಲ. ಜಮೀನು, ಪರವಾನಗಿ, ಸರ್ಕಾರಿ ಗುತ್ತಿಗೆ ಸಲೀಸಾಗಿ ಸಿಗುವ ಕಂಪನಿಯ ಎದುರು ಸ್ಪರ್ಧೆಗೆ ನಿಲ್ಲಲು ಹೆದರಿ ಹಿಂದೆ ಸರಿದ ಉದ್ಯಮಿ ಎಷ್ಟು ಮಂದಿ ಎಂಬುದನ್ನು ಯಾವ ಬ್ಯಾಲೆನ್ಸ್ ಶೀಟೂ ತೋರಿಸುವುದಿಲ್ಲ.

ಹಾಗಾದರೆ ದಕ್ಷಿಣ ಕೊರಿಯಾ? ಈ ಚರ್ಚೆಯಲ್ಲಿ ಯಾವಾಗಲೂ ಬರುವ, ಬರಬೇಕಾದ ಪ್ರಶ್ನೆ. ಮೇಜರ್ ಜನರಲ್ ಪಾರ್ಕ್ ಚುಂಗ್ ಹೀ 1961ರ ಮೇ ತಿಂಗಳಲ್ಲಿ ಅಧಿಕಾರ ಕಿತ್ತುಕೊಂಡ, 1979ರಲ್ಲಿ ತನ್ನದೇ ಗುಪ್ತಚರ ಮುಖ್ಯಸ್ಥನ ಗುಂಡಿಗೆ ಸತ್ತ. ನಡುವಿನ ಹದಿನೆಂಟು ವರ್ಷಗಳಲ್ಲಿ ಒಂದು ಬಡ ಕೃಷಿ ದೇಶ ಉಕ್ಕು, ಹಡಗು, ಕಾರು ಮಾಡುವ ದೇಶವಾಯಿತು. ಅಯೂಬ್ ಮತ್ತು ಪಾರ್ಕ್ ಸಮಕಾಲೀನರು, ಇಬ್ಬರೂ ಅಮೆರಿಕದ ಮಿತ್ರರು, ಇಬ್ಬರೂ ಸರ್ವಾಧಿಕಾರಿಗಳು. ಫಲ ಬೇರೆ ಏಕೆ?

ಮೊದಲ ಕಾರಣ ಭೂಮಿ. ಪಾರ್ಕ್ ಬರುವ ಮೊದಲೇ, 1950ರ ಹೊತ್ತಿಗೆ, ಕೊರಿಯಾದ ಜಮೀನ್ದಾರಿ ಮುಗಿದಿತ್ತು. ಅಯೂಬ್ 1959ರಲ್ಲಿ ತಂದ ಭೂಸುಧಾರಣೆಯಲ್ಲಿ ಒಬ್ಬ ವ್ಯಕ್ತಿ 500 ಎಕರೆ ನೀರಾವರಿ ಜಮೀನು ಇಟ್ಟುಕೊಳ್ಳಬಹುದಿತ್ತು. ಎರಡನೆಯದು, ಪಾರ್ಕ್ ಬಂದ ಕೂಡಲೇ ದೊಡ್ಡ ಉದ್ಯಮಿಗಳನ್ನು ಅಕ್ರಮ ಆಸ್ತಿಯ ಆರೋಪದ ಮೇಲೆ ಹಿಡಿದ, ಬ್ಯಾಂಕುಗಳನ್ನು ಸರ್ಕಾರದ ವಶಕ್ಕೆ ತಂದ, ಆಮೇಲೆ ಅವರಿಗೇ ಸಾಲ ಕೊಟ್ಟು ರಫ್ತು ಮಾಡಿ ತೋರಿಸಿ ಎಂದ. ತೋರಿಸದವನ ಸಾಲ ನಿಂತಿತು. ಪ್ರತಿ ತಿಂಗಳು ರಫ್ತಿನ ಸಭೆಯಲ್ಲಿ ಅವನೇ ಕುಳಿತು ಅಂಕಿ ಕೇಳುತ್ತಿದ್ದ. 1968ರಲ್ಲಿ ಪೋಸ್ಕೋ ಉಕ್ಕು ಕಾರ್ಖಾನೆಯ ಮುಖ್ಯಸ್ಥನಾದ ಪಾರ್ಕ್ ಟೇ ಜೂನ್ ಮಾಜಿ ಸೇನಾಧಿಕಾರಿಯೇ, ಆದರೆ ಕಾರ್ಖಾನೆ ಸೇನೆಯ ಕಲ್ಯಾಣ ನಿಧಿಯದಲ್ಲ. ಎಷ್ಟು ಟನ್ ಉಕ್ಕು, ಯಾವ ಬೆಲೆಗೆ ಎಂಬುದೇ ಪರೀಕ್ಷೆ. ಮೂರನೆಯದು ನನ್ನ ದೃಷ್ಟಿಯಲ್ಲಿ ನಿರ್ಣಾಯಕ: ಅಮೆರಿಕದ ನೆರವು ಕರಗುತ್ತಿದೆ, ಡಾಲರ್ ಬೇಕಿದ್ದರೆ ದುಡಿದೇ ತರಬೇಕು ಎಂಬುದು ಸಿಯೋಲ್‌ಗೆ ಬೇಗ ಅರ್ಥವಾಯಿತು. ಪಾಕಿಸ್ತಾನಿ ಸೇನೆಯ ಕೇಂದ್ರವಾದ ರಾವಲ್ಪಿಂಡಿಗೆ ಇಂಥ ಅನಿವಾರ್ಯತೆ ಬರಲೇ ಇಲ್ಲ. ಬರುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಯುದ್ಧ ಶುರುವಾಗುತ್ತಿತ್ತು. ಕೊರಿಯಾದ ಬೆಲೆಯನ್ನೂ ಮರೆಯಬಾರದು. ಕಾರ್ಮಿಕ ಸಂಘಗಳ ದಮನ, ಚಿತ್ರಹಿಂಸೆ, 1980ರ ಗ್ವಾಂಗ್ಜು ಹತ್ಯಾಕಾಂಡ. 1987ರಲ್ಲಿ ಜನರೇ ಬೀದಿಗಿಳಿದು ನೇರ ಚುನಾವಣೆ ತಂದರು. ಅಲ್ಲಿ ಆರ್ಥಿಕ ಪವಾಡ ಪ್ರಜಾಪ್ರಭುತ್ವದಲ್ಲೂ ಮುಂದುವರಿಯಿತು ಎಂಬುದನ್ನು ಸೇನಾ ಆಡಳಿತದ ಅಭಿಮಾನಿಗಳು ಹೇಳುವುದು ಕಡಿಮೆ.

ಒಂದು ಕೊರಿಯಾಕ್ಕೆ ಎದುರಾಗಿ ಉಳಿದ ಪಟ್ಟಿ ಉದ್ದವಿದೆ. ಒಂದು ಕಾಲಕ್ಕೆ ಜಗತ್ತಿಗೇ ಅಕ್ಕಿ ರಫ್ತು ಮಾಡುತ್ತಿದ್ದ ಬರ್ಮಾವನ್ನು, ಅಂದರೆ ಇಂದಿನ ಮ್ಯಾನ್ಮಾರನ್ನು, ಜನರಲ್ ನೆ ವಿನ್ 1962ರಲ್ಲಿ ಹಿಡಿದ. ಒಂಬತ್ತು ಅವನ ಅದೃಷ್ಟ ಸಂಖ್ಯೆಯೆಂದು 45 ಮತ್ತು 90 ಕ್ಯಾಟ್‌ಗಳ ನೋಟು ಹೊರಟವು. 1987ರಲ್ಲಿ ಹಳೆಯ ನೋಟುಗಳನ್ನು ರಾತ್ರೋರಾತ್ರಿ ರದ್ದು ಮಾಡಿದಾಗ ಬದಲಿ ಹಣವೂ ಸಿಗಲಿಲ್ಲ, ಜನರ ಉಳಿತಾಯ ಕಸವಾಯಿತು. ಅದೇ ವರ್ಷ ವಿಶ್ವಸಂಸ್ಥೆ ಆ ದೇಶವನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತು. 2021ರ ಸೇನಾ ದಂಗೆಯ ವರ್ಷದಲ್ಲಿ ಮ್ಯಾನ್ಮಾರ್‌ನ ಆರ್ಥಿಕತೆ ವಿಶ್ವಬ್ಯಾಂಕ್ ಅಂದಾಜಿನಂತೆ ಶೇ 18 ಕುಗ್ಗಿತು. ಈಜಿಪ್ಟ್‌ನಲ್ಲಿ ಸೇನೆ ಬಾಟಲಿ ನೀರು, ಪಾಸ್ತಾ, ಪೆಟ್ರೋಲ್ ಬಂಕ್ ಎಲ್ಲ ನಡೆಸುತ್ತದೆ. ಸಿಮೆಂಟು ಬೇಡಿಕೆಗಿಂತ ಹೆಚ್ಚಾಗಿದ್ದ ಹೊತ್ತಿನಲ್ಲೇ, 2018ರಲ್ಲಿ, ಬೆನಿ ಸುಯೆಫ್‌ನಲ್ಲಿ ದೈತ್ಯ ಸಿಮೆಂಟು ಕಾರ್ಖಾನೆ ತೆರೆಯಿತು. 2022ರ ಆರಂಭದಲ್ಲಿ ಡಾಲರಿಗೆ 16ರ ಆಸುಪಾಸಿನಲ್ಲಿದ್ದ ಈಜಿಪ್ಟ್ ಪೌಂಡು 2024ರ ಮಾರ್ಚಿಗೆ 50 ಮುಟ್ಟಿತು. ಇದಕ್ಕೆ ಉಕ್ರೇನ್ ಯುದ್ಧವೂ ಕಾರಣ, ಮರುಭೂಮಿಯಲ್ಲಿ ಸಾಲ ಮಾಡಿ ಕಟ್ಟಿದ ಹೊಸ ರಾಜಧಾನಿಯೂ ಕಾರಣ. ಇದಕ್ಕೆ ವಿರುದ್ಧವಾಗಿ, ಪ್ರಜಾಪ್ರಭುತ್ವವೇ ಇಲ್ಲದ ಚೀನಾದಲ್ಲಿ ಜಿಯಾಂಗ್ ಜೆಮಿನ್ 1998ರಲ್ಲಿ ಸೇನೆಗೆ ವ್ಯಾಪಾರ ಬಿಡಿ ಎಂದು ಆಜ್ಞೆ ಮಾಡಿದರು. ವ್ಯಾಪಾರಕ್ಕಿಳಿದ ಸೇನೆ ಕಾದಾಡಲು ಲಾಯಕ್ಕಲ್ಲ ಎಂಬುದು ಅವರ ಚಿಂತೆಯಾಗಿತ್ತು.

ಒಂದೊಂದು ದೇಶದ ಕಥೆಯಿಂದ ನಿಯಮ ಕಟ್ಟುವುದು ಕಷ್ಟ. ಅರ್ಥಶಾಸ್ತ್ರಜ್ಞ ಅಸೆಮೊಗ್ಲು ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ, ಅರ್ಧ ಶತಮಾನದ ಅಂಕಿಗಳನ್ನು ಆಧರಿಸಿದ ಅಧ್ಯಯನದಂತೆ, ಪ್ರಜಾಪ್ರಭುತ್ವಕ್ಕೆ ತಿರುಗಿದ ದೇಶದ ತಲಾ ಉತ್ಪನ್ನ 25 ವರ್ಷಗಳಲ್ಲಿ, ಹಾಗೆ ತಿರುಗದಿದ್ದರೆ ಇರಬಹುದಾಗಿದ್ದುದಕ್ಕಿಂತ ಸುಮಾರು ಶೇ 20 ಹೆಚ್ಚಾಗುತ್ತದೆ. ಬೆರಗು ಹುಟ್ಟಿಸುವ ಅಂಕಿಯಲ್ಲ, ನಿಧಾನದ ಲಾಭ.

ನಾವು ಈ ಹಾದಿ ಹಿಡಿಯದ್ದಕ್ಕೆ ಪುಣ್ಯ ಕಾರಣವಲ್ಲ. ನೆಹರೂ ಪ್ರಧಾನಿಯಾದ ಮೇಲೆ ಸೇನೆಯ ಮಹಾದಂಡನಾಯಕರ ಬಂಗಲೆಯನ್ನೇ ತಮ್ಮ ನಿವಾಸ ಮಾಡಿಕೊಂಡರು. ಅದೇ ತೀನ್ ಮೂರ್ತಿ ಭವನ. 1955ರಲ್ಲಿ ಮಹಾದಂಡನಾಯಕ ಎಂಬ ಪದವಿಯೇ ಹೋಯಿತು, ಮೂರೂ ಪಡೆಗಳ ನಾಯಕರು ಬರೀ ಮುಖ್ಯಸ್ಥರಾದರು. ಕೊಡಗಿನ ಕೆ.ಎಂ. ಕಾರ್ಯಪ್ಪನವರ ಕೈಕೆಳಗೆ ಒಂದು ಕಾಲಕ್ಕೆ ಅಯೂಬ್ ಖಾನ್ ಕೆಲಸ ಮಾಡಿದ್ದರು. ಅಯೂಬ್ ರಾಷ್ಟ್ರಾಧ್ಯಕ್ಷರಾದರು. ಕಾರ್ಯಪ್ಪ 1953ರಲ್ಲಿ ನಿವೃತ್ತರಾಗಿ, 1971ರಲ್ಲಿ ಮುಂಬೈಯ ಕ್ಷೇತ್ರವೊಂದರಿಂದ ಲೋಕಸಭೆಗೆ ನಿಂತು ಸೋತು ಮಡಿಕೇರಿಗೆ ಮರಳಿದರು. ರಾಜಕೀಯದ ಬಗ್ಗೆ ಅವರಿಗೂ ಖಾರವಾದ ಅಭಿಪ್ರಾಯಗಳಿದ್ದವು, ಅದನ್ನು ಮತದಾರನ ಮುಂದೆ ಇಡಬೇಕಾಯಿತು. ನಮ್ಮ ಸೇನಾಧಿಕಾರಿಗಳೆಲ್ಲ ಸತ್ಯ ಹರಿಶ್ಚಂದ್ರರೆಂದೇನೂ ಅಲ್ಲ. ಮುಂಬೈಯ ವಿವಾದಿತ ಆದರ್ಶ ವಸತಿ ಸೊಸೈಟಿಯ ಫ್ಲ್ಯಾಟುಗಳಲ್ಲಿ ಮಾಜಿ ಸೇನಾ ಮುಖ್ಯಸ್ಥರ ಹೆಸರೂ ಇತ್ತು. ಆದರೆ ಪತ್ರಿಕೆಗಳು ಬರೆದವು, ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು, ಸಿಎಜಿ ವರದಿ ಕೊಟ್ಟಿತು. ಬೆಂಗಳೂರಿನ ಎಚ್ಎಎಲ್ ವಿಮಾನ ತಡಮಾಡಿದರೆ ಸಂಸತ್ತಿನಲ್ಲಿ ಪ್ರಶ್ನೆ ಏಳುತ್ತದೆ.

ಪಾಕಿಸ್ತಾನ ಈಗ ಎಲ್ಲಿದೆ? 2023ರ ಮೇ ತಿಂಗಳಲ್ಲಿ ಹಣದುಬ್ಬರ ಶೇ 38 ಮುಟ್ಟಿತು, ಅದಕ್ಕೂ ಮೊದಲೇ ವಿದೇಶಿ ವಿನಿಮಯ 300 ಕೋಟಿ ಡಾಲರ್ ಆಸುಪಾಸಿಗೆ ಬಂದಿತ್ತು. ಜೂನ್‌ನಲ್ಲಿ ಸರ್ಕಾರ ಹೂಡಿಕೆ ತರಲೆಂದು ವಿಶೇಷ ಮಂಡಳಿ ಮಾಡಿತು. ಎಸ್ಐಎಫ್‌ಸಿ ಎಂದು ಕರೆಯುವ ಈ ಮಂಡಳಿಯಲ್ಲಿ ಸೇನಾ ಮುಖ್ಯಸ್ಥರಿಗೂ ಸ್ಥಾನ. ತೆರೆಯ ಹಿಂದೆ ಇದ್ದದ್ದು ಈಗ ಕಾನೂನಿನಲ್ಲೇ ಬಂತು. ಕೊಲ್ಲಿ ದೇಶಗಳ ಹಣಕ್ಕೆಂದು ಸೇನೆ ಕೃಷಿಗೂ ಇಳಿಯಿತು. ಪಂಜಾಬ್ ಸರ್ಕಾರ 45,000 ಎಕರೆಗೂ ಹೆಚ್ಚು ಜಮೀನು ಕೊಡಲು ಹೊರಟಾಗ ಲಾಹೋರ್ ಹೈಕೋರ್ಟಿನ ಒಂದು ಪೀಠ ತಡೆಯಿತು, ಇನ್ನೊಂದು ಪೀಠ ಆ ತೀರ್ಪನ್ನು ಅಮಾನತಿನಲ್ಲಿಟ್ಟಿತು. 2025ರ ಫೆಬ್ರುವರಿಯಲ್ಲಿ ಚೋಲಿಸ್ತಾನದ ಮರುಭೂಮಿಗೆ ನೀರು ಹಾಯಿಸುವ ನಾಲೆಗಳಿಗೆ ಜನರಲ್ ಆಸಿಮ್ ಮುನೀರ್ ಮತ್ತು ಪಂಜಾಬ್ ಮುಖ್ಯಮಂತ್ರಿ ಮರಿಯಂ ನವಾಜ್ ಚಾಲನೆ ಕೊಟ್ಟರು. ಕೆಳಗಿನ ಸಿಂಧ್ ಹೊತ್ತಿಕೊಂಡಿತು. ವಕೀಲರು, ರೈತರು ಹೆದ್ದಾರಿಯಲ್ಲಿ ಕುಳಿತರು, ಲಾರಿಗಳು ದಿನಗಟ್ಟಲೆ ಸಾಲುಗಟ್ಟಿದವು. ಏಪ್ರಿಲ್ ಕೊನೆಗೆ ಯೋಜನೆಯನ್ನು ಬದಿಗಿಡಬೇಕಾಯಿತು. ಕಾವೇರಿ ಗಲಾಟೆ ಕಂಡ ನಮಗೆ ಮೇಲಿನವರು, ಕೆಳಗಿನವರು ಎಂಬ ಜಗಳ ಹೊಸದಲ್ಲ. ಅಲ್ಲಿ ವಿಶೇಷವೆಂದರೆ, ನಾಲೆಯ ನೀರಿಗೆ ಕಾಯುತ್ತಿದ್ದದ್ದು ಸೇನೆಯ ಬೆಂಬಲದ ಕಾರ್ಪೊರೇಟ್ ಬೇಸಾಯ.

ಅದೇ ವರ್ಷದ ಮೇ ತಿಂಗಳಲ್ಲಿ ಭಾರತದೊಂದಿಗೆ ನಾಲ್ಕು ದಿನಗಳ ಕಾಳಗ, ಮುನೀರ್‌ಗೆ ಫೀಲ್ಡ್ ಮಾರ್ಷಲ್ ಪದವಿ. ಅಯೂಬ್ ಬಿಟ್ಟರೆ ಆ ಪದವಿ ಯಾರಿಗೂ ಸಿಕ್ಕಿರಲಿಲ್ಲ. ಜೂನ್ ಬಜೆಟ್‌ನಲ್ಲಿ ಒಟ್ಟು ಗಾತ್ರ ಕುಗ್ಗಿ 17.57 ಲಕ್ಷ ಕೋಟಿ ಪಾಕಿಸ್ತಾನಿ ರೂಪಾಯಿಗೆ ಇಳಿದರೂ ರಕ್ಷಣೆಯ ಪಾಲು ಶೇ 20ರಷ್ಟು ಏರಿ 2.55 ಲಕ್ಷ ಕೋಟಿಯಾಯಿತು. ಹಳೆಯ ಸಾಲದ ಬಡ್ಡಿಗೆ 8.2 ಲಕ್ಷ ಕೋಟಿ. ನಿವೃತ್ತ ಸೈನಿಕರ ಪಿಂಚಣಿಯ 74,200 ಕೋಟಿ ರಕ್ಷಣೆಯ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಮುಷರಫ್ ಕಾಲದಲ್ಲೇ ಅದನ್ನು ನಾಗರಿಕ ಖರ್ಚಿನ ಬಾಬತ್ತಿಗೆ ದಾಟಿಸಿದ್ದಾರೆ. ನವೆಂಬರ್‌ನಲ್ಲಿ ಸಂವಿಧಾನದ 27ನೇ ತಿದ್ದುಪಡಿ ಬಂತು. ಮೂರೂ ಪಡೆಗಳ ಮೇಲೆ ಮುನೀರ್ ಮುಖ್ಯಸ್ಥರಾದರು, ಫೀಲ್ಡ್ ಮಾರ್ಷಲ್‌ಗೆ ಬದುಕಿರುವವರೆಗೂ ಮೊಕದ್ದಮೆಯಿಂದ ರಕ್ಷಣೆ ಸಿಕ್ಕಿತು.

ಅಯೂಬ್ ಅಧಿಕಾರ ಹಿಡಿದ ಎರಡೇ ತಿಂಗಳಲ್ಲಿ, 1958ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನ ಐಎಂಎಫ್‌ನೊಂದಿಗೆ ಮೊದಲ ಸಾಲದ ಒಪ್ಪಂದ ಮಾಡಿಕೊಂಡಿತ್ತು. ಅಂದಿನಿಂದ ಇಪ್ಪತ್ತಕ್ಕೂ ಹೆಚ್ಚು ಒಪ್ಪಂದಗಳಾಗಿವೆ. ಈಗಿನ 700 ಕೋಟಿ ಡಾಲರ್‌ಗಳ ಒಪ್ಪಂದದ ಅವಧಿ 2027ಕ್ಕೆ ಮುಗಿಯುತ್ತದೆ. ಅದು ಕೊನೆಯದಾಗುತ್ತದೆ ಎಂದು ನನಗಂತೂ ನಂಬಿಕೆಯಿಲ್ಲ.